ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳವರ ನಾದದಾಸೋಹ

ಶ್ರೀಮಠದ ಮಹೋತ್ಸವದ ನಿಮಿತ್ತವಾಗಿ ಹೊರಡುತ್ತಲಿರುವ ಈ ಸ್ಮಾರಕ ಸಂಪುಟದಲ್ಲಿ ಮಠಾಧೀಶರ, ಶಿವಶರಣರ, ದಾನಶೂರರ ಚರಿತ್ರೆಗಳೊಡನೆ ಒಬ್ಬ ಗಾಯಕರ ಚರಿತ್ರೆಯನ್ನೂ ಸೇರಿಸುವದು ಯುಕ್ತವಾದೀತೇ ಎಂದು ಕೆಲವರಿಗೆ ಅನಿಸಬಹುದು. ಅಂಥವರು ಶ್ರಾವಣಮಾಸದಲ್ಲಿ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಯಾವ ಹಳ್ಳಿಗಾದರೂ ಸಂಜೆಯ ಹೊತ್ತಿಗೆ ಹೋಗಿ ನೋಡಬೇಕು. ಗುಡಿಯ ಇಲ್ಲವೆ ಮಠದ ಅಂಗಳದಲ್ಲಿ ಪುರಾಣವು ನಡೆದಿರುವದು. ಪುರಾಣಿಕರು ಷಟ್ಪದಿಯನ್ನು ಬಿಡಿಸಿ ಅರ್ಥ ಹೇಳುತ್ತಿರುವರು. ಅವರ ಮಗ್ಗುಲಲ್ಲಿ ಹಾರ್ಮೋನಿಯಂ ಹಿಡಿದು ಗವಾಯಿಗಳು ಕುಳಿತಿರುವರು. ಅವರ ಪಕ್ಕಕ್ಕೆ ತಬಲಾ ನುಡಿಸುವವರು ಇರುವರು. ಎಷ್ಟೋ ಸಲ ಆ ಇಬ್ಬರಲ್ಲಿ ಒಬ್ಬರಿಗೆ ಕಣ್ಣು ಕಾಣುವದಿಲ್ಲ. ಅವರ ಕಂಠದಿಂದ ಶಿವಶರಣರ ವಚನವು ಹೊರಟಾಗ ಹೊಲದಿಂದ ದಣಿದು ಬಂದ ಒಕ್ಕಲಿಗನೂ ಕಣ್ಣೊರಸಿಕೊಳ್ಳುವನು. ಆದರೆ ಈ ಗವಾಯಿಗಳು ಈ ವಿದ್ಯೆಯನ್ನು ಎಲ್ಲಿ ಕಲಿತರು, ಕಲಿಯುವಾಗ ಅವರಿಗೆ ಅನ್ನವಿಕ್ಕಿದವರಾರು, ಅವರಿಗೆ ಕಲಿಸಿದವರ ಹೊಟ್ಟೆಯು ಯಾವದರಿಂದ ತುಂಬಿತು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಆ ಪ್ರಶ್ನೆಗೆ ಉತ್ತರವಾಗಿ ಸಂದ ಜೀವನವೇ ಗದಗಿನ ಶ್ರೀ ಪಂಚಾಕ್ಷರಿ ಗವಾಯಿಗಳವರದು. ಆದಕಾರಣ ಮಠದ ಸಂಪುಟದಲ್ಲಿ ಅವರ ಚರಿತ್ರೆಗೆ ಸ್ಥಳವುಂಟು.

ನಮ್ಮ ಸೀಮೆಯ ಕಲೆ

ಘಟಪ್ರಭೆಯ ದಂಡೆಯ ಈ ನಾಡಿಗೆ ಕಲೆಯು ಹೊಸದಲ್ಲ. ಮೊದಲು ಗೋಕಾಕ ತಾಲೂಕಿಗೆ ಸೇರಿದ್ದು ಈಗ ಮೂಡಲಗಿ ತಾಲೂಕಿನಲ್ಲಿರುವ ಕುಲಗೋಡದ ತಮ್ಮಣ್ಣನು ಶ್ರೀಕೃಷ್ಣ ಪಾರಿಜಾತವೆಂಬ ಸಣ್ಣಾಟಕ್ಕೆ ಮೆರುಗು ಕೊಟ್ಟು ಅದನ್ನು ಮನೆಮಾತಾಗಿ ಮಾಡಿದನು. ಮುಂದಿನ ಕಾಲದಲ್ಲಿ ಕೌಜಲಗಿಯ ನಿಂಗಮ್ಮನು ಅದೇ ಆಟದಲ್ಲಿ ಹೆಸರು ಗಳಿಸಿದಳು. ಕರಡಿ ಮಜಲು, ಚೌಡಕಿ, ಡೊಳ್ಳು, ಭಜನೆ ಇವು ಇಲ್ಲದ ಜಾತ್ರೆಯು ನಮ್ಮಲ್ಲಿ ಇಲ್ಲ. ಗೋಕಾಕ ರೋಡದಿಂದ ರೈಲಿನಲ್ಲಿ ಬೆಳಗಾವಿಯ ಕಡೆಗೆ ಹೊರಟರೆ ಹುಕ್ಕೇರಿ ತಾಲೂಕಿನ ಪಾಶ್ಚಾಪುರವನ್ನು ದಾಟಿದ ಮೇಲೆ ಸುಳೇಭಾವಿಯು ಸಿಕ್ಕುವದು. ಅಲ್ಲಿ ೧೯೨೪ರಲ್ಲಿ ಜನಿಸಿದ ಶಿವಪುತ್ರ ಕೊಂಕಾಳಿಮಠನೆಂಬ ಜಂಗಮ ಬಾಲಕನೇ ಮಠದ ಸ್ವಾಮಿಗಳಿಂದ ಕುಮಾರ ಗಂಧರ್ವನೆಂಬ ಹೆಸರನ್ನು ಪಡೆದು ಹಿಂದುಸ್ಥಾನದಲ್ಲೆಲ್ಲ ಪ್ರಖ್ಯಾತನಾದನು. ಅದೇ ಹಾದಿಯಲ್ಲಿ ಬಡಗಣಕ್ಕೆ ಹೊರಟರೆ ಘಟಪ್ರಭಾ, ರಾಯಬಾಗ, ಕುಡಚಿಗಳ ಆಚೆಗೆ ಮಿರಜಿಯು ಬರುವದು. ಗ್ವಾಲೇರದ ಗಾಯನವನ್ನು ದಕ್ಷಿಣಕ್ಕೆ ತಂದ ಬಾಲಕೃಷ್ಣಬುವಾ ಇಚಲಕರಂಜೀಕರರ ಶಿಷ್ಯವರ್ಗವು ಬೆಳೆದ ಊರದು. ಸೋರೆಯ ಬುರುಡೆಯಿಂದ ತಂಬೂರಿ, ಸಿತಾರಗಳನ್ನು ಮಾಡುವ ಕುಶಲ ಕೆಲಸಗಾರರ ಊರೂ ಅದೇ.

ಇಷ್ಟೆಲ್ಲ ಇದ್ದರೂ ಕಲೆಯನ್ನು ಕಲಿಸುವವನ ಪಾಡು ನಮ್ಮ ಕಡೆಯಲ್ಲಿ ಎಂದೂ ಸುಲಭದ್ದಾಗಿರಲಿಲ್ಲ. ಆಟವಾಡಿದ ರಾತ್ರಿ ಆಯಾರ ಬರುವದು, ಆಟವಿಲ್ಲದ ಮಳೆಗಾಲದಲ್ಲಿ ಬರುವದಿಲ್ಲ. ಹಾಡುವವನಿಗೆ ಜನರು ಶಾಲು ಹೊದಿಸುವರು. ಆದರೆ ಅವನು ಹತ್ತು ವರ್ಷ ಕೂತು ಒಬ್ಬ ಹುಡುಗನನ್ನು ತಯಾರು ಮಾಡಿದರೆ ಆ ಹತ್ತು ವರ್ಷಗಳ ಜೋಳದ ಲೆಕ್ಕವನ್ನು ಯಾರೂ ಇಡುವದಿಲ್ಲ. ಕಂಠವು ಇಳಿದ ಮೇಲೆ ಅವನಿಗೆ ದಿಕ್ಕಿಲ್ಲ. ಅವನು ತೀರಿಕೊಂಡರೆ ಅವನ ವಿದ್ಯೆಯೂ ಅವನೊಡನೆ ಮಣ್ಣುಗೂಡುವದು. ಈ ಕೊರತೆಯನ್ನು ಕಂಡು ಅದಕ್ಕೆ ಒಂದು ಏರ್ಪಾಡನ್ನು ಮಾಡಿದವರು ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರು. ಆ ಏರ್ಪಾಡನ್ನು ತಮ್ಮ ಜೀವವನ್ನೇ ತೇಯ್ದು ನಡೆಸಿ ತೋರಿಸಿದವರು ಪಂಚಾಕ್ಷರಿ ಗವಾಯಿಗಳವರು.

ಜನನ ಮತ್ತು ಬಾಲ್ಯ

ಈಗಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನಲ್ಲಿ ಕಾಡಶೆಟ್ಟಿಹಳ್ಳಿಯೆಂಬ ಚಿಕ್ಕ ಗ್ರಾಮವಿರುವದು. ಅಲ್ಲಿಯ ಗುರುಪಾದಯ್ಯ ಚರಂತಿಮಠ ಮತ್ತು ನೀಲಮ್ಮ ಎಂಬ ಬಡ ಜಂಗಮ ದಂಪತಿಗಳ ಉದರದಲ್ಲಿ ೧೮೯೨ನೆಯ ಇಸವಿ ಫೆಬ್ರುವರಿ ೨ರಂದು ನಮ್ಮ ಚರಿತ್ರನಾಯಕರು ಜನಿಸಿದರು. ಆಗ ಅವರಿಗಿಟ್ಟ ಹೆಸರು ಗದಿಗೆಯ್ಯ. ಅಣ್ಣನಾದ ಗುರುಬಸಯ್ಯನಂತೆ ಗದಿಗೆಯ್ಯನೂ ಹುಟ್ಟಿನಿಂದಲೇ ಅಂಧನಾಗಿದ್ದನು. ಒಂದೇ ಮನೆಯಲ್ಲಿ ಎರಡು ಗಂಡುಮಕ್ಕಳು, ಇಬ್ಬರಿಗೂ ದೃಷ್ಟಿಯಿಲ್ಲ. ಆ ತಾಯಿತಂದೆಗಳ ಎದೆಯಲ್ಲಿ ಏನು ಹಾದುಹೋಗಿರಬಹುದೆಂಬುದನ್ನು ಮಕ್ಕಳೊಂದಿಗರಾದ ವಾಚಕರೇ ಊಹಿಸಿಕೊಳ್ಳಬೇಕು.

ಆ ಕಾಲದಲ್ಲಿ ಅಂಧರಾಗಿ ಹುಟ್ಟಿದ ಬಡವರ ಮಕ್ಕಳಿಗೆ ತೆರೆದಿದ್ದ ದಾರಿಯು ಬಹುಮಟ್ಟಿಗೆ ಒಂದೇ. ಸಂತೆಯಲ್ಲಿ, ಜಾತ್ರೆಯಲ್ಲಿ ಕೈಚಾಚಿ ಕುಳಿತುಕೊಳ್ಳುವದು. ಆದರೆ ಈ ಹುಡುಗರಿಬ್ಬರ ಕಿವಿಯು ಅತಿ ಸೂಕ್ಷ್ಮವಾಗಿತ್ತು, ಕಂಠವು ಇಂಪಾಗಿತ್ತು. ಒಮ್ಮೆ ಕೇಳಿದ ಹಾಡನ್ನು ಅವರು ಮರೆಯುತ್ತಿರಲಿಲ್ಲ. ಊರವರು ಅವರನ್ನು ಕೂಡ್ರಿಸಿಕೊಂಡು ಹಾಡಿಸುವರು, ಮೆಚ್ಚಿ ತಲೆದೂಗುವರು, ಎದ್ದು ಮನೆಗೆ ಹೋಗುವರು. ಮೆಚ್ಚುವವರು ಸಾಕಷ್ಟು ಇದ್ದರು, ಕಲಿಸುವವರು ಬೇಕಾಗಿದ್ದರು.

ಶ್ರೀ ಕುಮಾರ ಮಹಾಸ್ವಾಮಿಗಳವರ ಆಶ್ರಯ

ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳವರ ಹೆಸರನ್ನು ಕೇಳದ ಭಕ್ತರಿಲ್ಲ. ೧೮೬೭ರಲ್ಲಿ ಜನಿಸಿದ ಈ ಮಹಾತ್ಮರು ೧೯೦೪ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಸ್ಥಾಪನೆಗೆ ಕಾರಣಪುರುಷರಾದರು. ಧಾರವಾಡದಲ್ಲಿ ನೆರೆದ ಅದರ ಪ್ರಥಮಾಧಿವೇಶನಕ್ಕೆ ನಮ್ಮ ಬೆಳಗಾವಿ ಜಿಲ್ಲೆಯವರೇ ಆದ ಸಿರಸಂಗಿಯ ತ್ಯಾಗವೀರ ಲಿಂಗರಾಜ ದೇಸಾಯರು ಅಧ್ಯಕ್ಷರಾಗಿದ್ದರು. ತಮ್ಮ ಸಮಸ್ತ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕೆ ಬಿಟ್ಟುಹೋದ ದೇಸಾಯರೂ, ಜೋಳಿಗೆಯ ಹೊರತು ಬೇರೆ ಆಸ್ತಿಯಿಲ್ಲದ ಸ್ವಾಮಿಗಳೂ ಒಂದೇ ಕೆಲಸಕ್ಕೆ ಕೈಗೂಡಿಸಿದ ಕಾಲವದು. ೧೯೦೯ರಲ್ಲಿ ಶ್ರೀಗಳವರು ಬಾದಾಮಿಯ ಹತ್ತರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿ ಮಠಗಳಿಗೆ ಯೋಗ್ಯರಾದ ವಟುಗಳನ್ನು ತಯಾರಿಸತೊಡಗಿದರು. ಅಲ್ಲಿ ಯೋಗ, ಸಂಸ್ಕೃತಗಳೊಡನೆ ಸಂಗೀತಕ್ಕೂ ಮಾನ್ಯತೆಯಿತ್ತು. ಧರ್ಮವು ಜನರ ಕಿವಿಯಿಂದ ಹೃದಯಕ್ಕೆ ಇಳಿಯಬೇಕಾದರೆ ನಾದದ ಸಹಾಯವು ಬೇಕೆಂಬುದನ್ನು ಶ್ರೀಗಳವರು ಚನ್ನಾಗಿ ಅರಿತಿದ್ದರು.

ಕಾಡಶೆಟ್ಟಿಹಳ್ಳಿಯ ಅಂಧ ಬಾಲಕರ ವಾರ್ತೆಯು ಶ್ರೀಗಳವರಿಗೆ ಮುಟ್ಟಿತು. ಅವರು ಆ ಮಕ್ಕಳಿಬ್ಬರನ್ನೂ ತಮ್ಮ ಮಡಿಲಿಗೆ ತೆಗೆದುಕೊಂಡರು. ಇಲ್ಲಿ ಒಂದು ಸಂಗತಿಯನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಅನಾಥ ಮಕ್ಕಳಿಗೆ ಅನ್ನ ಹಾಕುವದು ನಮ್ಮ ಮಠಗಳ ಹಳೆಯ ಪದ್ಧತಿ; ಅದರಲ್ಲಿ ಹೊಸದೇನೂ ಇಲ್ಲ. ಶ್ರೀಗಳವರು ಅನ್ನಕ್ಕೆ ನಿಲ್ಲಲಿಲ್ಲ. ಈ ಮಕ್ಕಳಲ್ಲಿರುವ ವಿದ್ಯೆಯ ಬೀಜವನ್ನು ಕಂಡು ಅದಕ್ಕೆ ತಕ್ಕ ಗುರುಗಳನ್ನು ಹುಡುಕಿದರು, ಗುರುಗಳಿದ್ದಲ್ಲಿಗೆ ಕಳಿಸಿದರು, ಅಲ್ಲಿಯ ವೆಚ್ಚವನ್ನು ಭಕ್ತರಿಂದ ಹೊಂದಿಸಿದರು.

ದುರ್ದೈವದಿಂದ ಅಣ್ಣ ಗುರುಬಸಯ್ಯನು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಕತ್ತಲೆಯಲ್ಲಿ ಜೊತೆಗಾರನಾಗಿದ್ದವನು, ಸ್ವರಕ್ಕೆ ಸ್ವರ ಕೂಡಿಸಿದವನು ಇಲ್ಲದಾದನು. ಈ ಪೆಟ್ಟಿನಿಂದ ಗದಿಗೆಯ್ಯನು ಕುಗ್ಗಿಹೋಗದಂತೆ ಕಾಯ್ದದ್ದು ಗುರುಕಾರುಣ್ಯವೇ. ಗದಿಗೆಯ್ಯನು ಪಂಚಾಕ್ಷರಿಯಾದನು. ಅಣ್ಣನ ಪಾಲಿನ ಸಾಧನೆಯನ್ನೂ ತಾನೇ ಮಾಡಬೇಕೆಂಬಂತೆ ಅಭ್ಯಾಸದಲ್ಲಿ ಮುಳುಗಿದನು.

ವಿದ್ಯಾಭ್ಯಾಸ

ಪಂಚಾಕ್ಷರಿಗಳು ಮೊದಲು ಕರ್ನಾಟಕ ಸಂಗೀತವನ್ನು ಕಲಿತರು. ಅದರಲ್ಲಿ ಪಳಗುವದಕ್ಕಾಗಿ ಮೈಸೂರಿಗೆ ಹೋಗಿ ಅಲ್ಲಿಯ ವಿದ್ವಾಂಸರ ಬಳಿಯಲ್ಲಿ ಅಭ್ಯಾಸ ಮಾಡಿದರು. ತಿರುಗಿ ಬಂದ ಮೇಲೆ ಹಿಂದುಸ್ಥಾನಿ ಪದ್ಧತಿಯನ್ನು ಹಿಡಿದರು. ಮಿರಜಿಯಲ್ಲಿ ನೆಲೆಸಿದ್ದ ಜಂಗಮ ವಿದ್ವಾಂಸರಾದ ನೀಲಕಂಠಬುವಾ ಆಲೂರಮಠರು ಅವರಿಗೆ ಗ್ವಾಲೇರ ಪರಂಪರೆಯ ಗಾಯನವನ್ನು ಕೊಟ್ಟರು. ಇದೇ ಬುವಾ ಅವರು ಮುಂದೆ ಧಾರವಾಡದ ಹತ್ತರದ ಮನಸೂರಿನ ಬಾಲಕ ಮಲ್ಲಿಕಾರ್ಜುನನನ್ನೂ ತಿದ್ದಿದ ಗುರುಗಳು. ಕಿರಾನಾ ಪರಂಪರೆಯ ಉಸ್ತಾದ್ ವಹೀದ ಖಾನರಲ್ಲಿಯೂ ಪಂಚಾಕ್ಷರಿಗಳು ಶಿಷ್ಯತ್ವವನ್ನು ವಹಿಸಿದರು. ಲಿಂಗಧಾರಿಯಾದ ಜಂಗಮನು ಮುಸಲ್ಮಾನ ಉಸ್ತಾದರ ಮುಂದೆ ಕುಳಿತು ಕಲಿಯುವದಕ್ಕೆ ಹಾನಗಲ್ಲ ಶ್ರೀಗಳವರ ಮಠದಲ್ಲಿ ಅಡ್ಡಿಯಿರಲಿಲ್ಲ. ವಿದ್ಯೆಯು ಎಲ್ಲಿದ್ದರೂ ಅಲ್ಲಿಂದ ತರಬೇಕೆಂಬುದೇ ಅವರ ಮತವಾಗಿತ್ತು.

ಹೀಗೆ ಎರಡೂ ಪದ್ಧತಿಗಳಲ್ಲಿ ನಿಷ್ಣಾತರಾದ್ದರಿಂದ ಅವರಿಗೆ ಉಭಯಗಾನವಿಶಾರದರೆಂಬ ಕೀರ್ತಿಯು ಸಂದಿತು. ಹಾಡುವದರೊಡನೆ ಹಾರ್ಮೋನಿಯಂ, ತಬಲಾ, ಪಿಟೀಲು ಮೊದಲಾದ ವಾದ್ಯಗಳಲ್ಲಿಯೂ ಅವರ ಕೈ ನುರಿತಿತ್ತು. ಒಂದೇ ವಿದ್ಯೆಯಲ್ಲಿ ನಿಲ್ಲದೆ ಇಷ್ಟನ್ನೂ ಕಲಿತದ್ದರಿಂದ ಆದ ದೊಡ್ಡ ಉಪಯೋಗವು ಮುಂದೆ ಕಂಡುಬಂತು. ತಮ್ಮ ಬಳಿಗೆ ಬಂದ ಹುಡುಗನಿಗೆ ಕಂಠವಿದ್ದರೆ ಗಾಯನವನ್ನೂ, ಕಂಠವಿಲ್ಲದಿದ್ದರೆ ವಾದ್ಯವನ್ನೂ, ಲಯವು ಬಲವಾಗಿದ್ದರೆ ತಬಲೆಯನ್ನೂ ಕೊಡಲು ಅವರು ಶಕ್ತರಾದರು. ವಿದ್ಯೆಯಿಲ್ಲವೆಂದು ಯಾರನ್ನೂ ಹಿಂದಕ್ಕೆ ಕಳಿಸುವ ಪ್ರಸಂಗವು ಬರಲಿಲ್ಲ.

ಅಷ್ಟು ವಿದ್ಯೆಯಿದ್ದವರು ಬಯಸಿದ್ದರೆ ಯಾವದೊಂದು ಸಂಸ್ಥಾನದ ಆಶ್ರಯವನ್ನು ಹಿಡಿದು, ಇಲ್ಲವೆ ದೊಡ್ಡ ನಾಟಕ ಕಂಪನಿಯನ್ನು ಸೇರಿ ಸುಖವಾಗಿರಬಹುದಾಗಿತ್ತು. ಅವರು ನೈಷ್ಠಿಕ ಬ್ರಹ್ಮಚಾರಿಗಳಾಗಿ ಉಳಿದು, ಗುರುವಿನಿಂದ ಪಡೆದದ್ದನ್ನು ತಮ್ಮಂತೆಯೇ ದಿಕ್ಕಿಲ್ಲದ ಮಕ್ಕಳಿಗೆ ಹಂಚುವ ವ್ರತವನ್ನು ಹಿಡಿದರು.

ಸಂಚಾರಿ ಪಾಠಶಾಲೆ

೧೯೧೪ರಲ್ಲಿ ನಿಡಗುಂದಿಕೊಪ್ಪದಲ್ಲಿ ಶ್ರೀ ಕುಮಾರ ಮಹಾಸ್ವಾಮಿಗಳವರ ಆಶೀರ್ವಾದದಿಂದ ಸಂಗೀತ ಪಾಠಶಾಲೆಯು ಆರಂಭವಾಯಿತು. ಆಗ ಪಂಚಾಕ್ಷರಿಗಳಿಗೆ ಇಪ್ಪತ್ತೆರಡು ವರ್ಷದ ವಯಸ್ಸು. ಈ ಶಾಲೆಗೆ ಸ್ವಂತದ ಕಟ್ಟಡವಿರಲಿಲ್ಲ, ಸರಕಾರದ ಅನುದಾನವಿರಲಿಲ್ಲ, ಬಡ್ಡಿ ಬರುವ ಗಂಟೂ ಇರಲಿಲ್ಲ. ಗುರುಗಳು ಇದ್ದಲ್ಲಿ ಶಾಲೆ. ಒಂದೂರಿನ ಭಕ್ತರು ಕರೆದು ಇರಿಸಿಕೊಂಡರೆ ಅಲ್ಲಿ ಕೆಲ ತಿಂಗಳು. ಅಲ್ಲಿಯ ಕಣಜವು ತಳ ಕಂಡಿತೆಂದು ತೋರಿದರೆ ಮುಂದಿನ ಊರಿಗೆ ಪ್ರಯಾಣ. ಚಕ್ಕಡಿಯಲ್ಲಿ ವಾದ್ಯಗಳನ್ನು ಹೇರಿಕೊಂಡು, ಕಣ್ಣಿದ್ದ ಹುಡುಗನ ಹೆಗಲ ಮೇಲೆ ಕಣ್ಣಿಲ್ಲದವನು ಕೈಯಿಟ್ಟುಕೊಂಡು ಹೀಗೆ ಊರೂರು ತಿರುಗಿದ್ದರಿಂದ ಅದಕ್ಕೆ ಸಂಚಾರಿ ಪಾಠಶಾಲೆಯೆಂಬ ಹೆಸರು ಬಂತು.

ಊರಿಗೆ ಹೋದ ಮೇಲೆ ಮಠದಲ್ಲಿ ಹಾಡಿಕೆ, ಭಜನೆ, ಪುರಾಣಕ್ಕೆ ಸಾಥ. ಅದರಿಂದ ಬಂದ ಜೋಳ, ಬೇಳೆ, ಬೆಲ್ಲ, ಅರಿವೆಗಳೇ ಶಾಲೆಯ ಉತ್ಪನ್ನ. ಕೊಟ್ಟವರ ಮನೆಯ ಮಕ್ಕಳಿಗೆ ಸಂಗೀತದ ರುಚಿ ಹತ್ತುವದು ಕೊಡುವವರಿಗೆ ಆಗುತ್ತಿದ್ದ ಲಾಭ. ಒಂದು ಕೈಯಿಂದ ಅನ್ನದಾಸೋಹ, ಇನ್ನೊಂದು ಕೈಯಿಂದ ನಾದದಾಸೋಹ. ಮಳೆ ಹೋದ ವರ್ಷ ಊರವರಿಗೇ ಅನ್ನವು ಕಡಿಮೆಯಾದಾಗ ಶಾಲೆಯೂ ಅವರೊಡನೆ ಅರೆಹೊಟ್ಟೆಯಲ್ಲಿ ಇರಬೇಕಾಗುವದು. ತಮ್ಮನ್ನು ನಂಬಿ ಬಂದ ಮಕ್ಕಳ ತುತ್ತಿನ ಚಿಂತೆಯು ಗವಾಯಿಗಳವರನ್ನು ಕೊನೆಯ ವರೆಗೂ ಬಿಡಲಿಲ್ಲ.

ಇದೇ ಕಾಲದಲ್ಲಿ ಇನ್ನೊಂದು ಕಡೆಗೆ ನಡೆದ ಪ್ರಯತ್ನವನ್ನು ಇಲ್ಲಿ ನೆನೆಯುವದು ಉಚಿತವಾಗಿದೆ. ಕುರುಂದವಾಡದಲ್ಲಿ ೧೮೭೨ರಲ್ಲಿ ಜನಿಸಿದ ವಿಷ್ಣು ದಿಗಂಬರ ಪಲುಸ್ಕರರ ಕಣ್ಣುಗಳು ಬಾಲ್ಯದಲ್ಲಿ ಮದ್ದಿನ ಅಪಘಾತದಿಂದ ಕೆಟ್ಟವು. ಅವರು ಮಿರಜಿಯಲ್ಲಿ ಬಾಲಕೃಷ್ಣಬುವಾ ಅವರಲ್ಲಿ ಕಲಿತು, ೧೯೦೧ರಲ್ಲಿ ಲಾಹೋರದಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆಗೆದರು. ಅರಮನೆಯ ಆಶ್ರಯವನ್ನು ಬಿಟ್ಟು, ಜನರ ಮುಂದೆ ಹಾಡಿ ಬಂದ ಹಣದಿಂದ ಶಾಲೆಯನ್ನು ನಡೆಸಿ ನೂರಾರು ಸಂಗೀತ ಶಿಕ್ಷಕರನ್ನು ತಯಾರಿಸಿದ ಕೀರ್ತಿಯು ಅವರದು. ಆದರೆ ಮುಂಬಯಿಯಲ್ಲಿ ಅವರು ಕಟ್ಟಿಸಿದ ವಿದ್ಯಾಲಯದ ಕಟ್ಟಡವು ಸಾಲಗಾರರ ಪಾಲಾಯಿತು. ಕಲಿಸುವ ಸಾಮರ್ಥ್ಯವು ಎಷ್ಟಿದ್ದರೂ ಬೆನ್ನ ಹಿಂದೆ ಗಟ್ಟಿಯಾದ ಆಧಾರವಿಲ್ಲದಿದ್ದರೆ ಕಲಾಶಿಕ್ಷಕನು ಒಂದು ದಿನ ಬೀದಿಗೆ ಬರುವನೆಂಬುದಕ್ಕೆ ಅಷ್ಟು ದೊಡ್ಡವರ ಅನುಭವವೇ ಸಾಕ್ಷಿಯಾಗಿದೆ. ಪಂಚಾಕ್ಷರಿಗಳವರಿಗೆ ಕಟ್ಟಡವಿರಲಿಲ್ಲವಾದ್ದರಿಂದ ಹರಾಜಾಗುವಂಥದೂ ಇರಲಿಲ್ಲ. ಆದರೆ ಅನ್ನದ ಋಣವು ದಿನಾಲು ಬೆಳೆಯುತ್ತಲೇ ಇತ್ತು. ೧೯೩೦ರಲ್ಲಿ ಶ್ರೀ ಕುಮಾರ ಮಹಾಸ್ವಾಮಿಗಳವರು ಲಿಂಗೈಕ್ಯರಾದಾಗ ಆ ಭಾರವೆಲ್ಲ ಗವಾಯಿಗಳವರೊಬ್ಬರ ತಲೆಯ ಮೇಲೆ ಬಂದು ನಿಂತಿತು. ತಂದೆಯನ್ನು ಕಳೆದುಕೊಂಡ ಹಿರಿಯ ಮಗನಂತೆ ಅವರು ಅದನ್ನು ಹೊತ್ತರು.

ಕಲಿಸುವ ರೀತಿ

ಕಣ್ಣಿಲ್ಲದ ಹುಡುಗನಿಗೆ ಪಾಠಿ, ಪುಸ್ತಕಗಳಿಂದ ಉಪಯೋಗವಿಲ್ಲ. ಅವನು ಕಲಿಯತಕ್ಕದ್ದು ಕಿವಿಯಿಂದ, ಕೈಯಿಂದ. ತಬಲೆಯ ಬೋಲುಗಳನ್ನು ಮೊದಲು ಬಾಯಿಯಿಂದ ಹೇಳಿಸಿ, ಕೈಯಿಂದ ತಾಳ ಹಾಕಿಸಿ, ಅವು ಉಸಿರಿನೊಡನೆ ಬರುವಂತಾದ ಮೇಲೆ ಹುಡುಗನ ಬೆರಳನ್ನು ಹಿಡಿದು ತಬಲೆಯ ಕರಣೆಯ ಮೇಲೆ, ಅಂಚಿನ ಮೇಲೆ ಇರಿಸಿ ನಾದವು ಎಲ್ಲಿ ಹುಟ್ಟುವದೆಂಬುದನ್ನು ತಿಳಿಸಬೇಕು. ಹಾರ್ಮೋನಿಯಮ್ಮಿನ ಮನೆಗಳನ್ನು ಮುಟ್ಟಿ ಮುಟ್ಟಿ ಎಣಿಸಬೇಕು. ತಂಬೂರಿಯ ತಂತಿಯು ಕೂಡಿತೋ ಇಲ್ಲವೋ ಎಂಬುದನ್ನು ಕಣ್ಣಿದ್ದವನಿಗಿಂತ ಕಣ್ಣಿಲ್ಲದವನು ಬೇಗ ಅರಿಯುವನು. ಒಂದು ಪಾಠವನ್ನು ನೂರು ಸಲ ಹೇಳುವ ತಾಳ್ಮೆಯು ಗುರುವಿನಲ್ಲಿರಬೇಕು. ತಾವೇ ಆ ದಾರಿಯಲ್ಲಿ ತಡವರಿಸುತ್ತ ನಡೆದು ಬಂದಿದ್ದರಿಂದ ಪಂಚಾಕ್ಷರಿಗಳವರಿಗೆ ಪ್ರತಿಯೊಂದು ಎಡವುಗಲ್ಲಿನ ಗುರುತೂ ಇತ್ತು.

ಅವರ ಪದ್ಧತಿಯಲ್ಲಿದ್ದ ಮತ್ತೊಂದು ವಿಶೇಷವೇ ನಮ್ಮ ಈ ಲೇಖನದ ಮುಖ್ಯ ವಿಷಯ. ಸ್ವಲ್ಪ ಮುಂದುವರಿದ ಶಿಷ್ಯನು ಹಿಂದಿನಿಂದ ಬಂದವನಿಗೆ ಪಾಠ ಹೇಳಬೇಕು. ಹೀಗೆ ಹೇಳುವದರಿಂದ ಅವನ ವಿದ್ಯೆಯು ಗಟ್ಟಿಯಾಗುವದು, ಕಿರಿಯನಿಗೆ ಆಸರೆಯಾಗುವದು, ಎಲ್ಲಕ್ಕೂ ಮಿಗಿಲಾಗಿ ಅವನು ಶಾಲೆಯಿಂದ ಹೊರಬೀಳುವಾಗ ಕೇವಲ ಹಾಡುಗಾರನಾಗಿ ಉಳಿಯದೆ ಕಲಿಸಬಲ್ಲವನಾಗಿ ಹೊರಬೀಳುವನು. ಭಿಕ್ಷೆ ಬೇಡುವದಕ್ಕೆ ಹುಟ್ಟಿದನೆಂದು ಊರವರು ತಿಳಿದಿದ್ದ ಹುಡುಗನು ಹತ್ತೆಂಟು ವರ್ಷಗಳ ಮೇಲೆ ಗುರುಗಳೆನಿಸಿಕೊಂಡು ಮರಳುವನು. ಅವನಿಗೆ ಕೊಡುವವರು ಈಗ ಕನಿಕರದಿಂದ ಕೊಡುವದಿಲ್ಲ, ಗುರುದಕ್ಷಿಣೆಯಾಗಿ ಕೊಡುವರು. ಕೊಟ್ಟದ್ದು ಅದೇ ಸೇರು ಜೋಳವಾದರೂ ಭಿಕ್ಷೆಗೂ ದಕ್ಷಿಣೆಗೂ ಇರುವ ಅಂತರವು ಎಷ್ಟೆಂಬುದನ್ನು ಬಲ್ಲವರೇ ಬಲ್ಲರು.

ಶಿಷ್ಯಸಂಪತ್ತು

ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ ೧೯೧೪ರಲ್ಲಿ ಜನಿಸಿ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜನೆಂಬ ಬಾಲಕನು ಗವಾಯಿಗಳವರ ಪದತಲಕ್ಕೆ ಬಂದನು. ಗುರುವಿನ ಬಾಲ್ಯವೇ ಮತ್ತೊಮ್ಮೆ ಎದುರಿಗೆ ಬಂದು ನಿಂತಂತಾಯಿತು. ತಮಗೆ ಹಾನಗಲ್ಲ ಶ್ರೀಗಳವರು ಏನಾಗಿದ್ದರೋ ಅದನ್ನೇ ಅವರು ಈ ಹುಡುಗನಿಗೆ ಆದರು. ಈತನೇ ಮುಂದೆ ಪಂಡಿತ ಪುಟ್ಟರಾಜ ಗವಾಯಿಗಳೆಂದು ನಾಡಿನಲ್ಲಿ ಪೂಜ್ಯರಾದವರು.

ಕುಂದಗೋಳ ತಾಲೂಕಿನ ಯಲಿವಾಳದ ಬಸವರಾಜ ರಾಜಗುರುವು ಸುಮಾರು ಹದಿಮೂರು ವರ್ಷದವನಿದ್ದಾಗ ಗವಾಯಿಗಳವರಲ್ಲಿಗೆ ಬಂದನು. ಆತನಿಗೆ ಕಣ್ಣೂ ಇತ್ತು, ಕಂಠವೂ ಇತ್ತು, ಬೇಕಾದದ್ದು ಗುರು. ೧೯೩೬ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರನೆಯ ವರ್ಷದ ಉತ್ಸವವು ನೆರವೇರಿತು. ನಾಡಿನ ನಾನಾ ಕಡೆಯಿಂದ ಜನಸಾಗರವೇ ಅಲ್ಲಿ ಕೂಡಿತ್ತು. ಆ ಮಹಾಸಭೆಯಲ್ಲಿ ಬಸವರಾಜನು ಮೊದಲ ಸಲ ಹಾಡಲು ಕುಳಿತಾಗ ಅವನಿಗೆ ತಬಲಾ ಸಾಥಿಗೆ ಕುಳಿತವರು ಸ್ವತಃ ಪಂಚಾಕ್ಷರಿ ಗವಾಯಿಗಳವರು. ಉಭಯಗಾನವಿಶಾರದರೆಂದು ಬಿರುದು ಹೊತ್ತವರು ತಮ್ಮ ಸ್ಥಾನವನ್ನು ಹತ್ತೊಂಬತ್ತು ವರ್ಷದ ಶಿಷ್ಯನಿಗೆ ಬಿಟ್ಟು, ತಾವು ಪಕ್ಕಕ್ಕೆ ಸರಿದು, ಅವನ ಲಯವು ಎಲ್ಲಿಯೂ ಜಾರದಂತೆ ಕೈಯಾಸರೆ ಕೊಟ್ಟರು. ಕಲಿಸುವವನು ಎಲ್ಲಿ ಕೂಡ್ರಬೇಕೆಂಬುದನ್ನು ತಿಳಿಸಲು ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಆ ಶಿಷ್ಯನು ಮುಂದೆ ಧಾರವಾಡದಲ್ಲಿ ನೆಲೆಸಿ ತಾನೂ ಅನೇಕರಿಗೆ ಗುರುವಾದನು.

ಪುಣ್ಯಾಶ್ರಮ ಮತ್ತು ಲಿಂಗೈಕ್ಯ

ಬಹುವರ್ಷ ಊರೂರು ಅಲೆದ ಪಾಠಶಾಲೆಗೆ ಕೊನೆಗೆ ಗದಗಿನಲ್ಲಿ ನೆಲೆಯು ಸಿಕ್ಕಿತು. ಅಲ್ಲಿಯ ಉದಾರಿಗಳಾದ ಬಸರಿಗಿಡದ ವೀರಪ್ಪನವರು ಗವಾಯಿಗಳವರಿಗೂ ಅವರ ಮಕ್ಕಳಿಗೂ ಆಶ್ರಯವಿತ್ತರು. ವೀರೇಶ್ವರ ಪುಣ್ಯಾಶ್ರಮವೆಂಬ ಹೆಸರಿನಿಂದ ಅದು ಇಂದಿಗೂ ಬೆಳಗುತ್ತಿರುವದು. ವಾಚಕರು ವೀರಪ್ಪನವರ ಹೆಸರನ್ನು ಗವಾಯಿಗಳವರ ಹೆಸರಿನೊಡನೆಯೇ ನೆನೆಯಬೇಕು. ಅವರು ಹಾಡಿದವರಲ್ಲ, ಕಲಿಸಿದವರೂ ಅಲ್ಲ; ಆದರೆ ಹಾಡುವವರ ಮೇಲೆ ಮಳೆಬಿಸಿಲು ಬೀಳದಂತೆ ಮಾಡಿದವರು. ಆ ನೆರಳಿಲ್ಲದಿದ್ದರೆ ನಾವು ಇಂದು ಕೇಳುತ್ತಿರುವ ಎಷ್ಟೋ ಕಂಠಗಳು ಬೀದಿಯಲ್ಲಿಯೇ ಅಡಗಿಹೋಗುತ್ತಿದ್ದವು.

ನೆಲೆ ಸಿಕ್ಕ ಮೇಲೆ ಬಹಳ ಕಾಲ ಅದನ್ನು ನೋಡುವ ಯೋಗವು ಗವಾಯಿಗಳವರಿಗೆ ಇರಲಿಲ್ಲ. ೧೯೪೪ನೆಯ ಇಸವಿ ಜೂನ ೧೧ರಂದು, ತಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ಆಶ್ರಮದ ಮಕ್ಕಳು ಎರಡನೆಯ ಸಲ ಅನಾಥರಾದರು.

ಅಲ್ಲಿಗೆ ಎಲ್ಲವೂ ಮುಗಿದುಹೋಗಬಹುದಾಗಿತ್ತು. ಒಬ್ಬ ಗುರುವಿನೊಡನೆ ಅವನ ಶಾಲೆಯೂ ಮುಚ್ಚಿದ ಉದಾಹರಣೆಗಳು ಎಷ್ಟೋ ಉಂಟು. ಇಲ್ಲಿ ಹಾಗಾಗಲಿಲ್ಲ, ಏಕೆಂದರೆ ಕಲಿಸುವವರನ್ನು ತಯಾರಿಸು ಎಂಬುದೇ ಈ ಶಾಲೆಯ ಮೊದಲ ಪಾಠವಾಗಿತ್ತು. ಮೂವತ್ತು ವರ್ಷದ ಪುಟ್ಟರಾಜರು ಭಾರವನ್ನು ಹೊತ್ತರು. ಗುರುಗಳ ಹೆಸರಿನ ನಾಟ್ಯಸಂಘಕ್ಕೆ ತಾವೇ ನಾಟಕಗಳನ್ನು ಬರೆದು, ರಾಗಗಳನ್ನು ಕೂಡಿಸಿ, ಆಟದಿಂದ ಬಂದ ಹಣವನ್ನು ಆಶ್ರಮದ ಒಲೆಗೆ ಹಾಕಿದರು. ಭಕ್ತರು ತಮಗೆ ಮಾಡಿದ ತುಲಾಭಾರಗಳ ದ್ರವ್ಯವನ್ನೂ ಅಲ್ಲಿಗೇ ಸಲ್ಲಿಸಿದರು. ಬ್ರೈಲ್ ಲಿಪಿಯನ್ನು ಕಲಿತು ಅದರಲ್ಲಿ ಗ್ರಂಥಗಳನ್ನು ರಚಿಸಿದರು. ೨೦೧೦ರ ಸೆಪ್ಟೆಂಬರ ೧೭ರಂದು ಅವರು ಲಿಂಗೈಕ್ಯರಾಗುವ ವರೆಗೆ ಅರವತ್ತಾರು ವರ್ಷ ಆ ಒಲೆಯು ಆರಲಿಲ್ಲ. ಜಾತಿ ಮತಗಳ ಭೇದವಿಲ್ಲದೆ ಅಲ್ಲಿ ಮಕ್ಕಳು ಕಲಿತರು. ಬಳ್ಳಾರಿ ಸೀಮೆಯ ಜನಪದ ಗಾಯಕರೊಬ್ಬರ ಮಗನಾದ ವೆಂಕಟೇಶ ಕುಮಾರರು ಹುಡುಗತನದಲ್ಲಿ ಅಲ್ಲಿಗೆ ಬಂದು ಹತ್ತಾರು ವರ್ಷ ಇದ್ದು ಕಲಿತು, ಆ ಮೇಲೆ ಧಾರವಾಡದ ವಿಶ್ವವಿದ್ಯಾಲಯದ ಸಂಗೀತ ಮಹಾವಿದ್ಯಾಲಯದಲ್ಲಿ ಬಹುಕಾಲ ಅಧ್ಯಾಪಕರಾಗಿದ್ದರು. ಕಾಡಶೆಟ್ಟಿಹಳ್ಳಿಯ ಗುಡಿಸಲಿನಿಂದ ಹೊರಟ ದಾರಿಯು ಹೀಗೆ ವಿಶ್ವವಿದ್ಯಾಲಯದ ಪೀಠದ ವರೆಗೆ ಹೋಗಿ ಮುಟ್ಟಿತು.

ನಮಗೆ ಉಳಿದ ಕರ್ತವ್ಯ

ಮಹಾಪುರುಷರ ಚರಿತ್ರೆಯನ್ನು ಓದಿ ಕೈಮುಗಿದು ಪುಸ್ತಕವನ್ನು ಮುಚ್ಚಿಟ್ಟರೆ ಫಲವಿಲ್ಲ. ಪಂಚಾಕ್ಷರಿ ಗವಾಯಿಗಳವರ ಕಾಲದಲ್ಲಿ ಇಲ್ಲದ ಎಷ್ಟೋ ಅನುಕೂಲತೆಗಳು ಇಂದು ಇವೆ. ಮಿರಜಿಯ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲವು ಸಂಗೀತದ ಪರೀಕ್ಷೆಗಳನ್ನು ನಡೆಸುವದು. ನಮ್ಮ ರಾಜ್ಯದಲ್ಲಿಯೂ ಸಂಗೀತ ಪರೀಕ್ಷೆಗಳಿವೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ. ವಯಸ್ಸಾದ ಬಡ ಕಲಾವಿದರಿಗೆ ಸರಕಾರದ ಮಾಸಾಶನವೂ ಉಂಟು. ಇವನ್ನು ನಮ್ಮ ಹಳ್ಳಿಯ ಕಲಾವಿದರಿಗೆ ತಿಳಿಸಿ, ಅರ್ಜಿಯನ್ನು ಬರೆದುಕೊಟ್ಟು, ಕಚೇರಿಯ ವರೆಗೆ ಕೈಹಿಡಿದು ಕರೆದೊಯ್ಯುವದೂ ಒಂದು ಸೇವೆಯೇ.

ಆದರೆ ಪ್ರಮಾಣಪತ್ರವು ಅನ್ನವಲ್ಲ. ಎಲ್ಲ ಶಾಲೆಗಳಲ್ಲಿ ಸಂಗೀತ ಶಿಕ್ಷಕರ ಸ್ಥಾನವಿಲ್ಲ. ಪಾರಿಜಾತದ ಭಾಗವತನು ತನ್ನ ಹಾಡುಗಳನ್ನು ಯಾರಿಗೆ ಕೊಡಬೇಕೆಂದು ಚಿಂತಿಸುತ್ತ ಕುಳಿತರೆ, ಅವನ ಮಗನು ಬೇರೆ ಉದ್ಯೋಗವನ್ನು ಹುಡುಕುತ್ತ ಊರು ಬಿಡುವನು. ಶ್ರಾವಣದಲ್ಲಿ ಒಂದು ತಿಂಗಳು ನಾವು ಗವಾಯಿಗಳನ್ನು ಆದರಿಸುವೆವು. ಉಳಿದ ಹನ್ನೊಂದು ತಿಂಗಳು ಅವರು ಹೇಗೆ ಬದುಕುವರೆಂದು ವಿಚಾರಿಸುವದಿಲ್ಲ. ಅವರ ಮನೆಯಲ್ಲಿ ಹುಡುಗರು ಕಲಿಯಲು ಬಂದರೆ ಕೂಡ್ರಿಸಲು ಸ್ಥಳವುಂಟೋ, ತಬಲೆಯ ಪುಡಿಯು ಹರಿದರೆ ಹೊಸದು ಹಾಕಿಸಲು ಕೈಯಲ್ಲಿ ಹಣವುಂಟೋ ನಮಗೆ ಗೊತ್ತಿರುವದಿಲ್ಲ.

ಹಾನಗಲ್ಲ ಶ್ರೀಗಳವರು ತೋರಿಸಿದ ದಾರಿಯು ಸರಳವಾದದ್ದು. ಕಲಿಯುವವನಿಗೆ ತಕ್ಕ ಗುರುವನ್ನು ಹುಡುಕಿಕೊಡುವದು. ಕಲಿಸುವವನಿಗೆ ಅನ್ನ, ನೆಲೆ, ವಾದ್ಯಗಳ ಚಿಂತೆಯು ಇಲ್ಲದಂತೆ ಮಾಡುವದು. ಅವನು ಕಲಿತ ವಿದ್ಯೆಯು ಮುಂದಿನವನಿಗೆ ದಾಟುವಂತೆ ನೋಡಿಕೊಳ್ಳುವದು. ಇವಕ್ಕೆ ರಾಜಭಂಡಾರವು ಬೇಕಾಗಲಿಲ್ಲ, ಜೋಳಿಗೆ ಸಾಕಾಯಿತು. ನಮ್ಮ ಮಠಗಳಲ್ಲಿ ಹಗಲೆಲ್ಲ ತೆರವಾಗಿರುವ ಪಡಸಾಲೆಗಳಿವೆ, ಭಕ್ತರ ಮನೆಗಳಲ್ಲಿ ದಾಸೋಹಕ್ಕೆಂದು ಎತ್ತಿಟ್ಟ ಧಾನ್ಯವಿದೆ, ಮಿರಜಿಯ ತಂಬೂರಿಯು ಒಂದು ದಿನದ ಹಾದಿಯೂ ಅಲ್ಲ. ಹೋಬಳಿಗೊಬ್ಬ ಕಲಾಶಿಕ್ಷಕನನ್ನು ಮಠವು ತನ್ನವನೆಂದು ಸಾಕಿದರೆ ಹತ್ತು ವರ್ಷಗಳಲ್ಲಿ ಈ ಘಟಪ್ರಭೆಯ ನಾಡು ನಾದದಿಂದ ತುಂಬುವದರಲ್ಲಿ ಸಂಶಯವಿಲ್ಲ.

ಎಲ್ಲಿಯೋ ಒಂದು ಹಳ್ಳಿಯಲ್ಲಿ ಇಂದೂ ಒಬ್ಬ ಗದಿಗೆಯ್ಯನು ಜಗುಲಿಯ ಮೇಲೆ ಕುಳಿತು ಹಾಡಿಕೊಳ್ಳುತ್ತಿರಬಹುದು. ಅವನ ಹಾಡನ್ನು ಕೇಳಿ ತಲೆದೂಗಿ ನಾವು ಎದ್ದುಹೋಗದೆ, ಅವನ ಕೈಹಿಡಿದು ಗುರುವಿನ ಮನೆಗೆ ಕರೆದೊಯ್ಯುವ ಬುದ್ಧಿಯನ್ನೂ, ಆ ಗುರುವಿನ ಮನೆಯ ಒಲೆಯನ್ನು ಆರದಂತೆ ಕಾಯುವ ಶಕ್ತಿಯನ್ನೂ ಶ್ರೀ ಗುರು ಕುಮಾರೇಶ್ವರರು ನಮಗೆಲ್ಲರಿಗೆ ದಯಪಾಲಿಸಲೆಂದು ಪ್ರಾರ್ಥಿಸಿ ಈ ಅಲ್ಪ ಸೇವೆಯನ್ನು ಶ್ರೀಮಠದ ಅಡಿಗಳಿಗೆ ಅರ್ಪಿಸುವೆನು.